ಹೆಸರು ಕೇಳಿದ ಯಂತ್ರ

ನಡೆದದ್ದು ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ, ನನಗೆ ಖಾತ್ರಿಯಿಲ್ಲ. ನನ್ನ ಚಿಗವ್ವ, ಎಂದರೆ ಚಿಕ್ಕಮ್ಮ, ಅಂದು ಹಸಿರು ಸೀರೆ ಉಟ್ಟಿದ್ದಳೆಂದು ನಾನು ಹೇಳಿದರೆ, ಅದು ಬೇರೆ ಯಾವುದೋ ದಿನದ ಸೀರೆ ಇದ್ದೀತು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವರಿಗೆ ಅಂಟುವ ರೋಗ ಇದು: ಊರವರ ನೆನಪನ್ನೆಲ್ಲ ಅನುಮಾನಿಸಿ ಮುಗಿದ ಮೇಲೆ ತನ್ನದೇ ನೆನಪಿಗೆ ಗಂಟು ಬೀಳುವುದು. ಒಂದು ವಿಷಯದಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ. ನಾನು ಕಟ್ಟಿದ ಯಂತ್ರ ಹೇಗೆ ಕೆಲಸ ಮಾಡುತ್ತದೆಂಬುದು ನನಗೆ ಗೊತ್ತಿತ್ತು.

ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಹತ್ತಿರದ ಚಚಡಿ ಊರಿನಲ್ಲಿದ್ದ ನನ್ನ ಚಿಗವ್ವ ಗಂಗವ್ವನ ಬೀಸುಕಲ್ಲಿನ ಪದಗಳನ್ನು ಧ್ವನಿಮುದ್ರಿಸಬೇಕಿತ್ತು. ಅವಸರವಿತ್ತು. ಅವಳ ಗಂಟಲಿಗೆ ಆಪರೇಷನ್ ಆಗುವುದಿತ್ತು. ಆಮೇಲೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ನನ್ನ ಹಳೆಯ ಕಂಪ್ಯೂಟರೋ, ದನಿ ಮುದ್ರಿಸುವಾಗ ನಡುನಡುವೆ ಬಿಕ್ಕುತ್ತಿತ್ತು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ಮು ಮದುವೆ ಮನೆಯ ಹಾಗೆ: ಬಡಿಸುವವನು ಒಬ್ಬ, ಅವನ ಅಂಗಿ ಜಗ್ಗಿ ಚಹಾ ಎಲ್ಲಿ, ಚಾಪೆ ಎಲ್ಲಿ ಎಂದು ಕೇಳುವವರು ಮೂವತ್ತು ಮಂದಿ. ಪ್ರಿಂಟರೇ ಇಲ್ಲದಿದ್ದರೂ ಅದರ ದಾರಿ ಕಾಯುತ್ತ ಕೂತವನೊಬ್ಬ, ಬಾರದ ಟಪಾಲಿಗೆ ಬಾಗಿಲು ಕಾಯುವವನೊಬ್ಬ. ಅಷ್ಟರಲ್ಲಿ ಹಾಡಿನ ಅರ್ಧ ಸೊಲ್ಲು ನೆಲಕ್ಕೆ ಚೆಲ್ಲಿರುತ್ತಿತ್ತು.

ಹೀಗಾಗಿ ಬೇಕಾದಂತೆ ಬಿಚ್ಚಿ ಕಟ್ಟಬಹುದಾದ ಲಿನಕ್ಸ್ ಎಂಬ ಸಿಸ್ಟಮ್ಮು ತೆಗೆದುಕೊಂಡು ಒಬ್ಬೊಬ್ಬರನ್ನೇ ಮನೆಗೆ ಕಳಿಸಿದೆ. ಚಿತ್ರ ಹೋಯಿತು, ಜಾಲ ಹೋಯಿತು, ಮೌಸು ಹೋಯಿತು. ಕೊನೆಗೆ ಉಳಿದದ್ದು ಕರಿ ಪರದೆ, ಮೈಕು, ಒಂದೇ ಪ್ರಶ್ನೆ: ‘ಹೆಸರು?’ ಹಾಡಿನ ಹೆಸರು ಒತ್ತಿದರಾಯಿತು, ಯಂತ್ರ ಬೇರೇನೂ ಮಾಡದೆ ಬರೇ ಕೇಳುತ್ತದೆ. ಮನುಷ್ಯರಲ್ಲಿಯೂ ಅಪರೂಪದ ಈ ಗುಣಕ್ಕೆ ಮೆಚ್ಚಿ ಅದಕ್ಕೆ ‘ಕಿವಿ’ ಎಂದೇ ಹೆಸರಿಟ್ಟೆ.

ಅದನ್ನು ಕೌದಿಯಲ್ಲಿ ಸುತ್ತಿಕೊಂಡು ಟೆಂಪೋದಲ್ಲಿ ಚಚಡಿಗೆ ಒಯ್ದೆ. ಬಾಗಿಲ ಹತ್ತಿರ ಚಿಗವ್ವನ ಗಂಡ ಈರಪ್ಪ ಕಾಕಾ ಕೂತಿದ್ದ. ಅವರ ಮಗಳು ಸುನಂದಾ ಮೈಕು ಹಿಡಿದಿದ್ದಳು. ಯಂತ್ರ ಹಚ್ಚಿದೆ, ಪ್ರಶ್ನೆ ಮೂಡಿತು. ನಾನು ಹಾಡಿನ ಹೆಸರು ಕೇಳಬೇಕೆಂದು, "ಚಿಗವ್ವ, ಹೆಸರ ಹೇಳು" ಎಂದೆ.

ನಮ್ಮ ಕಡೆ ಹೆಂಗಸಿಗೆ ‘ಹೆಸರು ಹೇಳು’ ಎಂದರೆ ಅರ್ಥ ಒಂದೇ. ಗಂಡನ ಹೆಸರನ್ನು ದಿನನಿತ್ಯ ಬಾಯಲ್ಲಿ ತಾರದವರು ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಮಂದಿ ಕಾಡಿಸಿದಾಗ ಅದನ್ನು ಪ್ರಾಸದೊಳಗೆ ಅಡಗಿಸಿ, ಒಡಪು ಹಾಕಿ ಹೇಳುತ್ತಾರೆ.

"ಈ ವಯಸ್ಸಿನ್ಯಾಗ ಇದೇನ ಹುಡುಗಾಟಕಿನೋ" ಎಂದಳು ಚಿಗವ್ವ.

"ಹೇಳ ಬೇ, ಮಿಷನ್ನ ಕಾಯಾಕತ್ತೈತಿ" ಎಂದಳು ಸುನಂದಾ.

"ನಿಮ್ಮಪ್ಪಾರು ಅಲ್ಲೇ ಕುಂತಾರ." ಆದರೂ ಹೇಳಿದಳು: "ಹಿತ್ತಲ ಮಲ್ಲಿಗಿಗೆ ನೀರ ಹಾಕತೇನಿ ದಿನಾ, ಈರಪ್ಪನವರ ಹೆಸರ ಹೇಳಾಕ ಕಾರಣ ಬೇಕೇನಾ?"

ನಾನು ನಕ್ಕು ‘ಚಿಗವ್ವ ಒಂದು’ ಎಂದು ಒತ್ತಿದೆ. ಅವಳು ಮಧ್ಯಾಹ್ನವಿಡೀ ಹಾಡಿದಳು. ಒಂದು ಸೊಲ್ಲೂ ಬಿಕ್ಕಲಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಹಾಡುಗಳ ಸೀಡಿ ಮಾಡಿ ಒಯ್ದುಕೊಟ್ಟೆ. ಕಾಕಾ ಪೂರ್ತಿ ಕೇಳಿ, "ನನ್ನ ಹೆಸರ ಹೇಳಿದ್ಲಲ್ಲ, ಅದ ಎಲ್ಲೈತಿ?" ಎಂದ. ಹಾಡು ಅವನಿಗೆ ಬೇಕಿರಲಿಲ್ಲ; ಇನ್ನು ಯಾವತ್ತೂ ಕೇಳಿಸದ ಆ ಒಂದು ಮಾತು ಬೇಕಿತ್ತು.

"ಅದು ಸಿಗೂದಿಲ್ಲ ಕಾಕಾ. ಹೆಸರ ಒತ್ತಿದ ಮ್ಯಾಲೇ ಮಿಷನ್ನ ಕೇಳತೈತಿ. ಅದಕ್ಕ ಮೊದಲ ಅದು ಕಿವುಡ."

"ಕಿವಿ ಅಂತ ಹೆಸರಿಟ್ಟು ಕಿವುಡ ಮಾಡಿ ಕುಂದರಿಸಿದ್ಯೇನು?"

ಸುನಂದಾ ನಮ್ಮಿಬ್ಬರ ಮಾತನ್ನೂ ಒಪ್ಪಲಿಲ್ಲ. "ಅವ್ವ ಒಡಪು ಹೇಳಿದ್ದು ನನ್ನ ಮದುವ್ಯಾಗ. ಇಬ್ಬರೂ ಕಲಸಿಕೊಂಡೀರಿ." ಚಿಗವ್ವನನ್ನು ಕೇಳಿದರೆ ಬಾಯಿಗೆ ಸೆರಗು ಹಿಡಿದು ದನಿಯಿಲ್ಲದೆ ನಕ್ಕಳು. ಅವಳಿಗೆ ನಮ್ಮ ಜಗಳವೇ ಸೇರಿತ್ತು.

ತರ್ಕಶಾಸ್ತ್ರದವರು ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ ಎಲ್ಲ ಆದ ಮೇಲೆ ಶಬ್ದವೆಂದು ಒಂದನ್ನು ಹೇಳುತ್ತಾರೆ, ನಂಬಬಹುದಾದವರ ಮಾತು ಎಂಬ ಅರ್ಥದಲ್ಲಿ. ಓದುವಾಗ ಅದನ್ನು ನಾನು ದುರ್ಬಲವೆಂದು ತಳ್ಳಿಹಾಕಿದ್ದೆ. ಸುನಂದಾಳ ಮಾತು ಕೇಳಿ ಬಂದ ಮೇಲೆ ನನ್ನ ನೆನಪೂ ಅಲುಗಾಡತೊಡಗಿತು. ನೆನಪು ತಪ್ಪಿದ್ದರೂ ಯಂತ್ರದ ವಿಚಾರವಾದರೂ ಸರಿಯೆಂದು ತೋರಿಸಲು ನಾನೇ ಬರೆದ ಪ್ರೋಗ್ರಾಮನ್ನು ತೆಗೆದು ಓದಿದೆ. ಅಲ್ಲಿತ್ತು ನೋಡಿ, ನನ್ನದೇ ಕೈಕೆಲಸ. ಹಾಡಿನ ಮೊದಲ ಅಕ್ಷರ ನುಂಗಿಹೋಗುತ್ತಿತ್ತೆಂದು, ಹಚ್ಚಿದ ಕ್ಷಣದಿಂದಲೇ ಯಂತ್ರ ಕೇಳುವಂತೆ ಮಾಡಿಟ್ಟು ಮರೆತಿದ್ದೆ. ಸೀಡಿ ಮಾಡುವಾಗ ಹಾಡಿಗೆ ಮುಂಚಿನದೆಲ್ಲ ಕಸವೆಂದು, ಕೇಳದೆಯೇ ಕತ್ತರಿಸಿದ್ದೂ ನಾನೇ. ಮೂಲ ಮಾತ್ರ ಕಪಾಟಿನ ಡಿಸ್ಕಿನಲ್ಲಿ ಹಾಗೆಯೇ ಇತ್ತು.

ಮತ್ತೆ ಕೌದಿ, ಮತ್ತೆ ಟೆಂಪೋ. ಈ ಸಲ ಎಲ್ಲರೂ ಒಟ್ಟಿಗೆ ಕೂತು ಕೇಳಿದೆವು. ಒಡಪು ಇತ್ತು, ಅದಕ್ಕೆ ಮುಂಚೆ ‘ಹೇಳ ಬೇ’ ಎಂದ ಸುನಂದಾಳ ದನಿಯೂ ಇತ್ತು. ಕಾಕಾ ಇನ್ನೊಮ್ಮೆ ಹಚ್ಚು ಎಂದ.

ಸೀರೆ ಹಸಿರೋ ಅಲ್ಲವೋ ಈಗಲೂ ಹೇಳಲಾರೆ. ಕೇಳಿ ಖಾತ್ರಿ ಮಾಡಿಕೊಂಡದ್ದು, ನಮ್ಮಲ್ಲಿ ಒಬ್ಬರಿಗೂ ನೆನಪಿರದ ಒಂದು ಸಂಗತಿ: ಒಡಪು ಮುಗಿದ ಕೂಡಲೆ ಬಾಗಿಲ ಕಡೆಯಿಂದ, ಯಾರೋ ಕರೆದರೆಂಬಂತೆ, ಈರಪ್ಪ ಕಾಕಾ "ಓ" ಎಂದಿದ್ದಾನೆ.