ಮನೆಯಲ್ಲಿ ಜ್ವರ

ನಮ್ಮ ಕಚೇರಿಯ ಸಕಲ ಸಿಬ್ಬಂದಿಗೂ ವ್ಯಕ್ತಿತ್ವ ವಿಕಸನ ಆಗತಕ್ಕದ್ದು ಎಂದು ಮೇಲಿನಿಂದ ಸುತ್ತೋಲೆ ಬಂದಾಗ ನನ್ನ ಸರ್ವೀಸು ಮುಗಿಯಲು ಎರಡು ವರ್ಷ ಉಳಿದಿತ್ತು. ಇಷ್ಟು ತಡವಾಗಿ ವಿಕಸನಗೊಂಡು ಯಾರಿಗೆ ತೋರಿಸಬೇಕು ಎಂಬ ಅನುಮಾನವಿದ್ದರೂ ಸಹಿ ಹಾಕಿ, ಚಿಕ್ಕಬಳ್ಳಾಪುರದ ಒಂದು ಸಭಾಂಗಣಕ್ಕೆ ಹಾಜರಾದೆ. ಕೋಟು ತೊಟ್ಟ ಗುರುಗಳೊಬ್ಬರು ನಮ್ಮನ್ನೆಲ್ಲ ಎಬ್ಬಿಸಿ, ಕಣ್ಣು ಮುಚ್ಚಿಸಿ, ಕೈ ಮೇಲೆತ್ತಿಸಿ, "ನಾನು ಪ್ರತಿ ಕ್ಷಣ ಬೆಳೆಯುತ್ತಿದ್ದೇನೆ" ಎಂದು ಹನ್ನೊಂದು ಸಲ ಹೇಳಿಸಿದರು. ಊಟಕ್ಕೆ ಮುಂಚಿನ ಹೊತ್ತು. ಬೆಳೆಯುತ್ತಿದ್ದುದು ಹಸಿವು ಮಾತ್ರ. ಸಂಜೆ ಪ್ರಮಾಣಪತ್ರ ಕೈಗಿತ್ತರು. ಅದರ ಪ್ರಕಾರ ನಾನು ವಿಕಸನಗೊಂಡವನು.

ಅದಾದ ಎರಡನೇ ವಾರದಲ್ಲೇ ನನ್ನ ಯೋಗ್ಯತೆ ಊರಿಗೆಲ್ಲ ಗೊತ್ತಾಯಿತು.

ನಮ್ಮ ಮನೆ ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ. ನಾನು ಬಸ್ಸು ಹತ್ತಿ ಸರ್ಕಾರದ ಕಡತ ಸಾಕಲು ಹೋದರೆ, ಹೆಂಡತಿ ಮನೆಯ ಹಿಂದಿನ ಹುಳುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಎರಡರಲ್ಲಿ ಯಾವುದರಿಂದ ದೇಶಕ್ಕೆ ಒಂದು ಗೇಣು ಬಟ್ಟೆಯಾದರೂ ಸಿಕ್ಕಿದೆ ಎಂಬ ಪ್ರಶ್ನೆಯನ್ನು ಅವಳು ಆಗಾಗ ಎತ್ತುವುದುಂಟು. ನಾನು ಉತ್ತರವನ್ನು ಪರಿಶೀಲನೆಯಲ್ಲಿಟ್ಟಿದ್ದೇನೆ.

ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಚರ್ಮ ಬಿಡುತ್ತದೆ. ಬಿಡುವ ಮೊದಲು ಒಂದು ದಿನದಷ್ಟು ಹೊತ್ತು ಹಿಪ್ಪುನೇರಳೆ ಸೊಪ್ಪನ್ನೂ ತಿನ್ನದೆ, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಇದಕ್ಕೆ ನಮ್ಮ ಸೀಮೆಯಲ್ಲಿ ಜ್ವರ ಎಂದು ಹೆಸರು. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎಂದರೆ ಇಲ್ಲಿ ಯಾರೂ ಡಾಕ್ಟರನ್ನು ಕರೆಯುವುದಿಲ್ಲ. ಬೆಳೆಯುತ್ತಿದೆ ಎಂದು ಸಮಾಧಾನಪಡುತ್ತಾರೆ.

ಹಿಂದಿನ ಬೆಳೆಗೆ ರೋಗ ಬಂದು ಹುಳುವೆಲ್ಲ ಗುಂಡಿ ಸೇರಿತ್ತು. ಹೆಂಡತಿ ಒಂದು ತಿಂಗಳು ಹುಳುಮನೆಯನ್ನು ತೊಳೆದು, ಸುಣ್ಣ ಬಳಿದು, ಎರಡು ಜ್ವರ ಮುಗಿಸಿದ ಹೊಸ ಹುಳು ತಂದಿದ್ದಳು. ಈ ಸಲವೂ ಹೋದರೆ ಇನ್ನು ಹುಳು ಮುಟ್ಟುವುದಿಲ್ಲ ಎಂದೂ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು, ನನ್ನ ಹಾಗಲ್ಲ. ಮೂರನೇ ಜ್ವರ ಹತ್ತಿರವಾದಾಗಲೇ ತೊಂಡೇಬಾವಿಯಲ್ಲಿರುವ ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ ನಿಗದಿಯಾಯಿತು. ಹೋಗದೆ ವಿಧಿಯಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಹುಳುಮನೆಯ ಬೀಗದ ಕೈ ನನ್ನ ಅಂಗೈಗೆ ಬಂತು.

"ಇವತ್ತು ಸಂಜೆಗೆ ಜ್ವರಕ್ಕೆ ಕೂತ್ಕೊಳ್ತವೆ. ಸುಣ್ಣದ ಪುಡಿ ಉದುರ್ಸಿ, ಬಾಗ್ಲು ಎಳ್ಕೊಂಡು ಈಚೆ ಬಂದ್ಬಿಡಿ. ಎಲ್ಲಾ ಎದ್ದ ಮೇಲೇನೇ ಸೊಪ್ಪು. ಒಂದೆರಡು ಮುಂಚೆ ಎದ್ದವೆ ಅಂತ ಕರುಣೆ ತೋರ್ಸಕ್ಕೆ ಹೋಗ್ಬೇಡಿ."

"ಮಿಕ್ಕ ಹೊತ್ತು ನಾನೇನು ಮಾಡ್ಲಿ ಕಣೇ?"

"ಏನೂ ಮಾಡ್ಬೇಡಿ. ಆಫೀಸಲ್ಲಿ ಅಭ್ಯಾಸ ಐತಲ್ಲ."

ರಜೆ ಬೇಕಾಯಿತು. ರಜೆಯ ಅರ್ಜಿಯಲ್ಲಿ ನಿಜ ಬರೆಯುವುದು ನಮ್ಮ ಪೀಳಿಗೆಯ ಗುಮಾಸ್ತರಲ್ಲಿ ಅಸಭ್ಯತೆ ಎನಿಸುತ್ತದೆ. ಹಾಗೆಂದು ನಾನು ಸುಳ್ಳು ಬರೆದವನೂ ಅಲ್ಲ. ಮೂವತ್ತು ಚಿಲ್ಲರೆ ವರ್ಷ ಪದಗಳನ್ನು ಹೀಗೆ ಜೋಡಿಸಿದ್ದೇನೆ: ಓದಿದವರು ತಾವಾಗಿಯೇ ತಪ್ಪು ತಿಳಿಯಬೇಕು, ಪಾಪ ಅವರದ್ದಾಗಬೇಕು. ದೇವರ ಮುಂದೆ ದಿನಾ ಕೈಮುಗಿಯುವವನಿಗೆ ಇಷ್ಟು ಎಚ್ಚರ ಇರಬೇಕಲ್ಲವೇ. ಬರೆದೆ: "ಮನೆಯಲ್ಲಿ ಜ್ವರವಿರುವ ಪ್ರಯುಕ್ತ ಎರಡು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ." ಅಕ್ಷರಶಃ ಸತ್ಯ. ಯಾರಿಗೆ ಜ್ವರ ಎಂಬುದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.

ಲೆಕ್ಕ ತಪ್ಪಿದ್ದು ಒಂದೇ ಕಡೆ. ನಮ್ಮ ಹೊಸ ಮೇಡಂ ಕರಾವಳಿಯವರು. ಹಿಂದಿನ ಸಾಹೇಬರು ಅರ್ಜಿ ಓದುತ್ತಿರಲಿಲ್ಲ. ಇವರು ಓದುವವರು. ಅದಕ್ಕಿಂತ ಅಪಾಯವೆಂದರೆ, ಓದಿದ್ದನ್ನು ನಂಬುವವರು. ಮರುದಿನ ಬೆಳಿಗ್ಗೆ ಫೋನು ಮಾಡಿದರು.

"ಎಂತ ಮಾರಾಯ್ರೇ, ಮನೆಯಲ್ಲಿ ಎಲ್ಲರಿಗೂ ಜ್ವರವಾ?"

"ಎಲ್ಲಾ ಒಟ್ಟಿಗೇ ಬಂದ್ಬಿಟ್ಟಿದೆ ಮೇಡಂ."

"ಪಾಪ. ಮಲಗಿದ್ದಾರಾ?"

"ಇಲ್ಲ ಮೇಡಂ, ಕೂತೇ ಇರೋದು. ತಲೆ ಎತ್ಕೊಂಡು."

"ಊಟ ಮಾಡ್ತಾರಾ?"

"ನಿನ್ನೆ ಸಂಜೆಯಿಂದ ಎಲೆ ಮುಟ್ಟಿಲ್ಲ ಮೇಡಂ."

ಈ ಕೊನೆಯ ಮಾತಿನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ. ಆ ಕಡೆ ಮೇಡಂ ಮಾತ್ರ ನಗುತ್ತಿರಲಿಲ್ಲ.

ಹುಳುಮನೆಗೆ ಹೋಗಿ ಬಲೆಯ ಕಿಟಕಿಯಲ್ಲಿ ಇಣುಕಿದೆ. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ತಲೆಗಳು ಮೇಲೆದ್ದು ನಿಂತಿದ್ದವು. ನಾನು ಮೂವತ್ತು ವರ್ಷದಿಂದ ದೇವರನ್ನು ಬಾಕಿ ಕಡತಗಳ ಮೇಲಧಿಕಾರಿ ಎಂದೇ ನೋಡಿದವನು. ಊದುಬತ್ತಿ ಹಚ್ಚುತ್ತಲೇ ಜ್ಞಾಪನ ಪತ್ರ ಸಲ್ಲಿಸಿಬಿಡುತ್ತಿದ್ದೆ. ಇವುಗಳ ಬಳಿ ಅರ್ಜಿಯೇ ಇರಲಿಲ್ಲ. ಹಳೆಯ ಚರ್ಮ ಬಿಗಿಯಾಯಿತು, ತಿನ್ನುವುದು ನಿಲ್ಲಿಸಿ ಕೂತವು, ಅಷ್ಟೇ. ನನಗೋ ಹತ್ತು ನಿಮಿಷಕ್ಕೊಮ್ಮೆ ಏನಾದರೂ ಮಾಡಬೇಕೆಂಬ ಚಡಪಡಿಕೆ. ಎರಡು ಸಲ ಸೊಪ್ಪಿನ ಬುಟ್ಟಿ ಎತ್ತಿದೆ, ಎರಡು ಸಲವೂ ಇಟ್ಟೆ. ಸುಮ್ಮನಿರುವುದರಲ್ಲಿ ನಾನು ಪಳಗಿದವನೆಂದು ಇಡೀ ಇಲಾಖೆ ನಂಬಿತ್ತು. ಆ ದಿನ ಗೊತ್ತಾಯಿತು, ಕುರ್ಚಿಯ ಮೇಲೆ ಸುಮ್ಮನಿರುವುದೇ ಬೇರೆ, ನಂಬಿ ಸುಮ್ಮನಿರುವುದೇ ಬೇರೆ.

ಮಧ್ಯಾಹ್ನ ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಕೂಗಿದರು.

"ಏಮಪ್ಪಾ, ನಿಮ್ಮನೆ ಮುಂದಕ್ಕೆ ಹೊಗೆ ಮಿಷನ್ ಬಂದೈತಲ್ಲೋ ನಾಯನಾ."

ಸೊಳ್ಳೆಗೆ ಔಷಧಿಯ ಹೊಗೆ ಬಿಡುವ ಯಂತ್ರವನ್ನು ಹೆಗಲಿಗೇರಿಸಿಕೊಂಡು ಪಂಚಾಯ್ತಿಯವನು ಗೇಟಿನಲ್ಲಿ ನಿಂತಿದ್ದ. ಯಂತ್ರ ಗುರುಗುಡುತ್ತಿತ್ತು. ಆ ಹೊಗೆ ಒಂದು ಸಲ ಒಳಕ್ಕೆ ನುಗ್ಗಿದರೆ ಹುಳುಮನೆಯಲ್ಲಿ ಒಂದು ಜೀವವೂ ಉಳಿಯುವುದಿಲ್ಲ.

"ನಿಮ್ಮ ಮೇಡಮ್ಮು ತಾಲ್ಲೂಕಿಗೆ ಫೋನ್ ಮಾಡವ್ರೆ ಸಾರ್. ಮನೆ ತುಂಬಾ ಜ್ವರ, ಊಟ ಬಿಟ್ಟವ್ರೆ, ಡೆಂಗಿ ಇರ್ಬೋದು ಅಂತ." ಹುಳುಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಹುಳದ ಜ್ವರಾನಾ ಸಾರ್?"

"ಹೂಂ ಕಣಪ್ಪ. ಅದ್ನ ಆಫ್ ಮಾಡು ಮೊದ್ಲು."

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಕ್ಕೆ ಅರ್ಧ ಗಂಟೆ ಒದಿಬೇಕು. ನೀವೊಂದು ಚೀಟಿ ಬರ್ಕೊಡಿ, ನಮ್ಮನೇಲಿ ಜ್ವರ ಇಲ್ಲ ಅಂತ. ಫೋಟೋ ಹೊಡ್ದು ಗ್ರೂಪಿಗೆ ಹಾಕ್ತೀನಿ, ನನ್ ಕೆಲ್ಸ ಮುಗೀತು."

"ಆ ಗ್ರೂಪಲ್ಲಿ ನಮ್ಮ ಮೇಡಂ ಇದಾರಾ?"

"ಅವ್ರೇ ಅಲ್ವಾ ಸಾರ್ ಬೆಳಗ್ಗಿಂದ ಕೇಳ್ತಿರೋದು."

ಮನೆಯಲ್ಲಿ ಜ್ವರವಿದೆ ಎಂದು ನಿನ್ನೆ ಸಹಿ ಮಾಡಿದ್ದೆ. ಇಲ್ಲ ಎಂದು ಇವತ್ತು ಸಹಿ ಮಾಡಬೇಕು. ಹಾಳೆ ತೆಗೆದು ವಿದ್ಯೆಯನ್ನೆಲ್ಲ ಒಗ್ಗೂಡಿಸಿದೆ: "ಸದರಿ ಮನೆಯಲ್ಲಿರುವ ಜ್ವರವು ಹೊಗೆಯಿಂದ ಶಮನವಾಗತಕ್ಕ ಸ್ವರೂಪದ್ದಲ್ಲವಾದ್ದರಿಂದ..."

"ಬೇಗ ಬರೀರಿ ಸಾರ್, ಗಾಳಿ ಆ ಕಡೆಗೇ ತಿರುಗ್ತಾ ಐತೆ."

ಯಂತ್ರದ ಮೂತಿಯಿಂದ ಒಂದು ಎಳೆ ಹೊಗೆ ಹೊರಟು ಹುಳುಮನೆಯ ಕಡೆಗೆ ತೇಲಿತು. ಅಷ್ಟಕ್ಕೇ ನನ್ನ ವಾಕ್ಯ ಅಲ್ಲೇ ನಿಂತಿತು. ಒಳಗೆ ಅವು ತಲೆಯೆತ್ತಿ ಕೂತಿದ್ದವು, ಓಡಿಹೋಗಲೂ ಬಾರದೆ. ಬೀಗದ ಕೈ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು. ಹಾಳೆ ಮಡಚಿ ಮೇಡಮ್ಮಿಗೆ ಫೋನು ಮಾಡಿದೆ.

"ಮೇಡಂ, ಹೊಗೆ ನಿಲ್ಲಿಸೋಕೆ ಹೇಳಿ. ಜ್ವರ ಬಂದಿರೋದು ರೇಷ್ಮೆ ಹುಳಕ್ಕೆ. ನಮ್ಮ ಕಡೆ ಚರ್ಮ ಬಿಡೋದಕ್ಕೆ ಹಾಗಂತಾರೆ."



"ಎಷ್ಟಿವೆ ಹುಳ?"

"ಒಂದು ನಲವತ್ತು ಸಾವಿರ ಇರ್ಬೋದು."

"ನಿಮಗೆ ಎಂತ ಆಗಿದೆ?"

"ನನಗೇನೂ ಆಗಿಲ್ಲ ಮೇಡಂ. ಮನೆಯವರಿಗೆ ಜ್ವರ ಅಂತ ನಿಮಗೆ ಅನಿಸ್ಲಿ ಅಂತ್ಲೇ ಬರೆದೆ. ಸುಳ್ಳು ಬರೆದೆ."

ಅದೊಂದು ಪದ ನನ್ನ ಬಾಯಿಂದ ನನ್ನ ಬಗ್ಗೆ ಅದೇ ಮೊದಲು ಬಂದದ್ದು. ನಾಲಗೆ ಸುಡಲಿಲ್ಲ, ಆಕಾಶವೂ ಬೀಳಲಿಲ್ಲ. ಮೇಡಂ ಫೋನನ್ನು ಪಂಚಾಯ್ತಿಯವನಿಗೆ ಕೊಡಲು ಹೇಳಿದರು. ಅವನು "ಆಯ್ತು ಮೇಡಂ" ಎಂದು ನಾಲ್ಕು ಸಲ ಹೇಳಿ ಯಂತ್ರ ನಿಲ್ಲಿಸಿದ. ಆಮೇಲೆ ಮೇಡಂ ನನಗೆ ಹೇಳಿದ್ದು ಇಷ್ಟೇ: "ಅರ್ಜಿ ಓದಿ ರಾತ್ರಿ ನಿದ್ದೆ ಮಾಡ್ಲಿಲ್ಲ ನಾನು, ನಿಮ್ಮ ಮನೆಯವರ ಚಿಂತೆಯಲ್ಲಿ. ಅರ್ಜಿ ಬೇರೆ ಬರೆದು ಕಳಿಸಿ."

ಬೇರೆ ಬರೆದೆ. ಹೆಂಡತಿ ಊರಿಗೆ ಹೋಗಿದ್ದಾಳೆ, ರೇಷ್ಮೆ ಹುಳುಗಳನ್ನು ನೋಡಿಕೊಳ್ಳಬೇಕು, ರಜೆ ಬೇಕು. ಮೂರು ತುಂಡು ಮಾತಿಗೆ ಒಂದು ಗಂಟೆ ಹಿಡಿಯಿತು. ಸರ್ವೀಸಿನಲ್ಲೇ ನಾನು ಬರೆದ ಅತ್ಯಂತ ಕೆಟ್ಟ ಗದ್ಯ.

ಮಾರನೆಯ ದಿನ ಹೆಂಡತಿ ಬರುವ ಹೊತ್ತಿಗೆ ಹುಳುಗಳೆಲ್ಲ ಎದ್ದು, ಸುಕ್ಕು ಚರ್ಮದ ಹೊಸ ಮೈ ಹೊತ್ತು ಎಲೆ ಹುಡುಕುತ್ತಿದ್ದವು. ಅವಳು ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಬಂದು, ತಟ್ಟೆಗಳನ್ನೆಲ್ಲ ನೋಡಿ, "ಎಲ್ಲಾ ಒಂದೇ ಸಮ ಎದ್ದವೆ" ಎಂದಳು. ಹುಳು ಸಾಕುವವರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಎದುರು ಮನೆಯ ಅಜ್ಜಿ ಬಾಯಿ ತೆರೆಯಲು ಸಂಜೆಯವರೆಗೆ ಸಮಯವಿತ್ತು. ಆದರೆ ನಾನೇ ಹೇಳಿದೆ. ಅರ್ಜಿ, ಎಲೆ ಮುಟ್ಟಿಲ್ಲ ಎಂದ ಜಾಣತನ, ಹೊಗೆ, ಎಲ್ಲವನ್ನೂ.

ಅವಳು ಕೇಳಿಸಿಕೊಳ್ಳುತ್ತಲೇ ಮೊದಲ ತಟ್ಟೆಯಿಂದ ಕೊನೆಯ ತಟ್ಟೆಯವರೆಗೆ ಸೊಪ್ಪು ಹಾಸಿದಳು. ಖಾಲಿ ಬುಟ್ಟಿ ನನ್ನ ಕೈಗೆ ಕೊಟ್ಟು, ಇನ್ನೊಂದು ಕೈ ಮುಂದೆ ಚಾಚಿದಳು. ಬೀಗದ ಕೈ ಕೊಟ್ಟೆ.

"ನಾಲ್ಕನೇ ಜ್ವರಕ್ಕೆ ನಾನು ಊರಲ್ಲೇ ಇರ್ತೀನಿ. ನೀವು ಆಫೀಸಿಗೆ ಹೋಗಿ," ಎಂದಳು.

ಹೋದೆ.