ಒಂದೇ ಉಸಿರಿಗೆ ಎಣಿಸಲು ಹೇಳುವ ಗದ್ದೆಮ್ಮ

ಭಾನುವಾರ, ಬೆಳಗಿನ ಐದೂಮುಕ್ಕಾಲು. ಸಂತೆಕಲ್ಲೂರಿನ ಕರಿಬಸಯ್ಯನವರ ಮನೆಯ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆ ಗದ್ದೆಮ್ಮ ಕೂತಿದ್ದಾರೆ. ಪಕ್ಕದಲ್ಲಿ ಲಸಿಕೆ ಒಯ್ಯುವ ನೀಲಿ ಡಬ್ಬಿ, ಅದರೊಳಗೆ ಮಂಜುಗಡ್ಡೆ. ಅವರು ಏನನ್ನು ಕಾಯುತ್ತಿದ್ದಾರೆಂದು ಬರೆಯಲು ನನಗೆ ಸಂಕೋಚ, ಹೇಳಲು ಅವರಿಗಿಲ್ಲ. ಒಳಗೆ ಮಲಗಿರುವ ಒಂಬತ್ತು ವರ್ಷದ ಶೈಲಜಾಳ ಮಲಕ್ಕಾಗಿ ಕಾಯುತ್ತಿದ್ದಾರೆ. ನಿನ್ನೆ ಒಂದು ಸಲ ಸಿಕ್ಕಿದೆ, ಇಂದು ಇನ್ನೊಂದು ಸಲ ಬೇಕು.

ಹದಿನೈದು ವರ್ಷದೊಳಗಿನ ಯಾವ ಮಗುವಿನ ಕಾಲು ಇದ್ದಕ್ಕಿದ್ದಂತೆ ಸೋತರೂ ಅದು ಪೋಲಿಯೊ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಅದು ನಿಯಮ. ಮಲದ ಮಾದರಿ ತಂಪು ಕೆಡದಂತೆ ಪ್ರಯೋಗಾಲಯ ಸೇರಬೇಕು. ಇಲಾಖೆಯ ಪಟ್ಟಿಯಲ್ಲಿ ಇದು ಇನ್ಯಾರದೋ ಕೆಲಸ. ಆದರೆ ಮನೆಮನೆಯ ಗುರುತಿರುವುದು ಗದ್ದೆಮ್ಮನಿಗೆ, ಆದ್ದರಿಂದ ಡಬ್ಬಿಯೂ ಅವರ ಹೆಗಲಿಗೇ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಲಸಿಕೆ ಎಂದುಬಿಡುತ್ತಾರಂತೆ. ಒಮ್ಮೆ ನಿಜ ಹೇಳಿದ್ದಕ್ಕೆ ಪಾಮನಕಲ್ಲೂರಿನ ಆಟೋದವನು ಅರ್ಧ ದಾರಿಯಲ್ಲೇ ಇಳಿಸಿ ಹೋಗಿದ್ದ. ಇದನ್ನು ಹೇಳಿ ಅವರು ನಗುತ್ತಾರೆ, ನಾನೂ ನಗುತ್ತಾ ಬರೆದುಕೊಳ್ಳುತ್ತೇನೆ. ನಸುಕಿನಲ್ಲೇ ಸಿಂಧನೂರಿನಿಂದ ಬೈಕ್ ಹತ್ತಿ ಬಂದದ್ದು ಇಂಥ ಮಾತಿಗಾಗಿಯೇ ತಾನೆ? ಭಾನುವಾರದ ಪುರವಣಿಗೆ ಒಳ್ಳೆಯ ಸರಕು ಸಿಕ್ಕಿತೆಂದು ಒಳಗೊಳಗೇ ಖುಷಿ ಬೇರೆ.

ಒಳಗಿಂದ ಚಹಾ ಬರುತ್ತದೆ. ನನಗೆ ಪಡಸಾಲೆಯಲ್ಲಿ ಕುರ್ಚಿ, ಸ್ಟೀಲ್ ಲೋಟ. ಗದ್ದೆಮ್ಮನಿಗೆ ಕಟ್ಟೆಯ ಮೇಲೇ ಪೇಪರ್ ಕಪ್. ಹದಿನಾರು ವರ್ಷದಿಂದ ಈ ಮನೆಯ ಬಸಿರು, ಬಾಣಂತನ, ಜ್ವರ ಎಲ್ಲವನ್ನೂ ನೋಡಿಕೊಂಡ ಹೆಂಗಸು. ಶೈಲಜಾಳ ಬಾಯಿಗೆ ಮೊದಲ ಪೋಲಿಯೊ ಹನಿ ಹಾಕಿದ್ದೂ ಇದೇ ಕೈ. ನಾನು ಏನಾದರೂ ಅನ್ನಬಹುದಿತ್ತು. ಅನ್ನದೆ ಚಹಾ ಕುಡಿದೆ, ಚೆನ್ನಾಗಿದೆ ಅಂತಲೂ ಹೇಳಿದೆ.

ಗದ್ದೆಮ್ಮನಿಗೆ ಈಗ ನಲವತ್ತೆಂಟು. ಅವರ ಪಾಲಿಗೆ ಇನ್ನೂರ ಹದಿನಾಲ್ಕು ಮನೆ, ಸದ್ಯ ಒಂಬತ್ತು ಬಸುರಿಯರು, ಏಳು ಕ್ಷಯದ ರೋಗಿಗಳು. ಆದರೆ ಅವರು ದಿನವೂ ತಲೆಯಲ್ಲಿಟ್ಟುಕೊಂಡು ತಿರುಗುವ ಅಂಕಿ ಬೇರೆ ಇದೆ. ಶುಕ್ರವಾರ ಇಪ್ಪತ್ತೆಂಟು, ಶನಿವಾರ ಬೆಳಿಗ್ಗೆ ಇಪ್ಪತ್ತೆರಡು, ಸಂಜೆ ಹದಿನೇಳು. ಒಂದೇ ಉಸಿರಿಗೆ ಶೈಲಜಾ ಎಲ್ಲಿಯವರೆಗೆ ಎಣಿಸಿದಳು ಎಂಬ ಲೆಕ್ಕ ಅದು. ಕಾಲು ಸೋತ ಯಾರ ಮನೆಗೆ ಹೋದರೂ ಗದ್ದೆಮ್ಮ ಮೊದಲು ಕಾಲು ನೋಡುವುದಿಲ್ಲ. ಎದೆ ತುಂಬ ಉಸಿರು ತಗೋ, ಬಿಡದೆ ಒಂದರಿಂದ ಎಣಿಸು ಅನ್ನುತ್ತಾರೆ. ಸಂಖ್ಯೆ ಇಳಿಯುತ್ತಾ ಬಂದರೆ ಸೋಲು ಕಾಲಿನಿಂದ ಎದೆಗೆ ಏರುತ್ತಿದೆ ಎಂದರ್ಥ.

ಇದನ್ನು ಕಲಿತದ್ದು ರಾಯಚೂರಿನ ದೊಡ್ಡಾಸ್ಪತ್ರೆಯ ವರಾಂಡದಲ್ಲಿ. ಎಂಟು ವರ್ಷದ ಹಿಂದೆ ಅವರ ತಮ್ಮ ನರಸಣ್ಣ, ಲಿಂಗಸುಗೂರು ಬಸ್ ಡಿಪೊದ ಮೆಕ್ಯಾನಿಕ್, ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದೆ ಬಿದ್ದರು. ಹತ್ತು ದಿನದ ಹಿಂದೆ ಭೇದಿಯಾಗಿ ವಾಸಿಯಾಗಿತ್ತು, ಅಷ್ಟೇ. ವೈದ್ಯರು ಗೀಲನ್ ಬಾರೆ ಎಂದರು, ನರ್ಸುಗಳು ಚಿಕ್ಕದಾಗಿ ಜಿಬಿಎಸ್ ಎಂದರು. ನರಸಣ್ಣ ಇಪ್ಪತ್ತೆರಡು ದಿನ ಉಸಿರಾಟದ ಯಂತ್ರದ ಮೇಲಿದ್ದರು. ಅಕ್ಕ ಅಷ್ಟೂ ದಿನ ವರಾಂಡದಲ್ಲಿದ್ದು, ವೈದ್ಯರು ಬಂದಾಗಲೆಲ್ಲ ಇದೇನು ರೋಗ ಎಂದು ಕೇಳಿ ಕೇಳಿ ತಿಳಿದುಕೊಂಡರು. ಈಗ ನರಸಣ್ಣ ಡಿಪೊಗೆ ನಡೆದೇ ಹೋಗುತ್ತಾರೆ.

ಭೇದಿಯ ರೋಗಾಣುವನ್ನು ಕೊಲ್ಲಲು ಎದ್ದ ದೇಹದ ರೋಗನಿರೋಧಕ ಶಕ್ತಿ, ಅದನ್ನೇ ಹೋಲುವ ನರದ ಹೊದಿಕೆಯನ್ನೂ ತಿನ್ನತೊಡಗುತ್ತದೆ. ನಾನು ಇದನ್ನು ಬರೆಯಲು ಮೂರು ಪುಸ್ತಕ ತಿರುವಿ ಹಾಕಬೇಕಾಯಿತು. ಹುಡುಗಿಯಾಗಿದ್ದಾಗ ಸಿಂಧನೂರು ಕಡೆಯ ಗದ್ದೆಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದ ಗದ್ದೆಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಭತ್ತದಾಗ ಒಂದು ಹುಲ್ಲು ಬರ್ತೈತ್ರಿ, ತೆನಿ ಬರೂತನಕ ಥೇಟ್ ಭತ್ತದಂಗ ಕಾಣ್ತೈತಿ. ಹುಲ್ಲು ಅಂದ್ಕೊಂಡು ಭತ್ತಾನೂ ಕಿತ್ತು ಒಗೀತೀವಿ ನೋಡ್ರಿ, ಮೈಯಾಗೂ ಹಂಗ ಆಗ್ತೈತಂತ. ಬೇರು ಉಳದ್ರ ಮತ್ತ ಚಿಗೀತೈತಿ. ಅಲ್ಲೀತನಕ ಉಸುರು ಹಿಡಕೊಂಡಿರಬೇಕಷ್ಟ."

ಈ ಮನೆಯಲ್ಲಿ ಅದೇ ಕಷ್ಟವಾಗಿದೆ. ಮಂಗಳವಾರ ಶೈಲಜಾ ಕಾಲಿನಲ್ಲಿ ಇರುವೆ ಹರಿದಂತಾಗುತ್ತದೆ ಎಂದಳು. ಗುರುವಾರ ನಿಲ್ಲಲಾಗಲಿಲ್ಲ. ಶುಕ್ರವಾರ ಲಿಂಗಸುಗೂರಿನಲ್ಲಿ ತೋರಿಸಿದರೆ, ತಡಮಾಡದೆ ರಾಯಚೂರಿಗೆ ಒಯ್ಯಿರಿ ಎಂದು ವೈದ್ಯರು ಚೀಟಿ ಬರೆದುಕೊಟ್ಟರು. ಅಜ್ಜ ಕರಿಬಸಯ್ಯ ಚೀಟಿ ಮಡಿಸಿ ಜೇಬಿಗಿಟ್ಟು ಮೊಮ್ಮಗಳನ್ನು ಮನೆಗೆ ಕರೆತಂದರು. ಲಕ್ವಕ್ಕೆ ಬೇರು ಅರೆದು ಕುಡಿಸುವ ಒಬ್ಬರು ಹೊಳೆಯಾಚೆಯ ಊರಿನಲ್ಲಿದ್ದಾರೆ. ಭಾನುವಾರ ಮಾತ್ರ, ಖಾಲಿ ಹೊಟ್ಟೆಗೆ ಮಾತ್ರ. ಮೂರು ಭಾನುವಾರದ ಪಥ್ಯ, ಅಲ್ಲಿಯವರೆಗೆ ಮೈಗೆ ಸೂಜಿ ತಾಕಬಾರದು. ಹುಡುಗಿಯ ಅಪ್ಪ ಹಟ್ಟಿ ಗಣಿಯಲ್ಲಿ ಪಾಳಿಯಲ್ಲಿದ್ದಾನೆ. ಬಾಗಿಲ ಮುಂದೆ ಬಾಡಿಗೆಯ ಕ್ರೂಸರ್ ಆಗಲೇ ಬಂದು ನಿಂತಿದೆ. ಆರೂವರೆಗೆ ಹೊರಡಬೇಕು.

ಗದ್ದೆಮ್ಮ ಡಬ್ಬಿ ಬಿಟ್ಟು ಒಳಗೆ ಬರುತ್ತಾರೆ. ಯಾರೂ ಕರೆದಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಹುಡುಗಿಯ ತಾಯಿ ಸಂಗಮ್ಮ ಗೋಡೆಗೊರಗಿ ಮಗಳ ಪಾದ ಒತ್ತುತ್ತಿದ್ದಾಳೆ. ರಾತ್ರಿ ನೀರು ಕುಡಿದರೆ ಮೂಗಿಗೆ ಬಂತು, ದನಿ ಕೂಡ ಸಣ್ಣದಾಗಿದೆ ಎಂದು ಅವಳು ಮೆಲ್ಲಗೆ ಹೇಳುತ್ತಾಳೆ. ಗದ್ದೆಮ್ಮ ಕರಿಬಸಯ್ಯನವರ ಕಡೆ ತಿರುಗಿ, ಅಯ್ಯಾರ, ಬೇರು ಆಮೇಲೆ ಕುಡಿಸೋಣ, ಮೊದಲು ರಾಯಚೂರಿಗೆ ಹೋಗೋಣ ಎಂದು ಎರಡು ದಿನದಿಂದ ಹೇಳುತ್ತಿರುವುದನ್ನೇ ಮತ್ತೊಮ್ಮೆ ಹೇಳುತ್ತಾರೆ.

ಮುದುಕ ಕೆಟ್ಟವನಲ್ಲ. ಮೊಮ್ಮಗಳ ಮೇಲೆ ಜೀವ. ಅವರು ಎದ್ದು ದೇವರ ಮಾಡದಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಪತ್ರಿಕೆಯ ತುಂಡು ತಂದು ನನ್ನ ಕೈಗೆ ಕೊಡುತ್ತಾರೆ.

"ನೀವು ಪೇಪರ್‌ನೋರು, ನೀವಾ ಹೇಳ್ರಿ ಈಕಿಗೆ. ಹನ್ನೊಂದು ಮಂದಿ ಹೆಸರು ಹಾಕ್ಯಾರ, ಎಲ್ಲಾರೂ ನಡದಾಡಾಕತ್ಯಾರ. ಪೇಪರ್‌ನಾಗ ಸುಳ್ಳು ಬರೀತಾರೇನ್ರಿ?"

ಪುರವಣಿಯ ಪುಟ. ನೀವೀಗ ಓದುತ್ತಿರುವ ಇದೇ 'ಎಲೆಮರೆಯ ಕಾಯಿ' ಅಂಕಣ. ಐದು ವರ್ಷದ ಹಿಂದಿನದು. ತಲೆಬರಹ 'ಲಕ್ವ ಓಡಿಸುವ ಹಳ್ಳಿಯ ಧನ್ವಂತರಿ'. ಬೆಳಗಿನ ಜಾವದ ಒರಳಿನ ಸದ್ದಿನಿಂದ ಶುರು, ಆತನ ವಿನಯದ ಮಾತಿನಿಂದ ಮುಕ್ತಾಯ. ಕೆಳಗೆ 'ನಮ್ಮ ಪ್ರತಿನಿಧಿಯಿಂದ' ಎಂದಷ್ಟೇ ಇದೆ. ಆ ಪ್ರತಿನಿಧಿ ನಾನು. ಒಂದೊಂದು ಸಾಲೂ ನನ್ನದೇ. ಧನ್ವಂತರಿ ಎಂಬ ಪದ ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೂ ನೆನಪಿದೆ.

ಆ ಹನ್ನೊಂದು ಮಂದಿ ಸುಳ್ಳಲ್ಲ. ನಡೆದಾಡುತ್ತಿದ್ದದ್ದು ನಿಜ. ಜಿಬಿಎಸ್ ಬಂದವರಲ್ಲಿ ಹೆಚ್ಚಿನವರು ಬೇರು ಕುಡಿದರೂ ಕುಡಿಯದಿದ್ದರೂ ತಿಂಗಳುಗಳಲ್ಲಿ ಎದ್ದು ನಡೆಯುತ್ತಾರೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಮಾತ್ರ ಉಸಿರೆಳೆಯುವ ಸ್ನಾಯುವೇ ಸೋಲುತ್ತದೆ. ಅಂಥವರು ತೆಂಗಿನಕಾಯಿ ಹಿಡಿದು ಕೃತಜ್ಞತೆ ಹೇಳಲು ಆ ಊರಿಗೆ ಬರುವುದಿಲ್ಲ. ನಾನು ಅಲ್ಲಿ ಕಂಡದ್ದು ಹಾಗೆ ಕಾಯಿ ಹಿಡಿದು ಬಂದವರನ್ನಷ್ಟೇ. ಅವರನ್ನು ಕೇಳಿದೆ, ಬರೆದೆ, ಊಟ ಮಾಡಿಕೊಂಡು ಬಂದೆ.

ಇಷ್ಟೆಲ್ಲ ತಿಳಿದೂ ನಾನು, ಇದು ಹಳೆಯ ಲೇಖನ, ಈಗ ಒಳ್ಳೆಯ ಔಷಧ ಬಂದಿದೆ ಎಂದು ಏನೋ ತೊದಲಿದೆ. ಹಳೆಯದಾದರೇನು, ನಿಜ ನಿಜವೇ ಅಲ್ಲವೇ ಎಂದರು ಅಯ್ಯನವರು. ಅಷ್ಟರಲ್ಲಿ ನನ್ನ ಹಿಂದೆ ಗದ್ದೆಮ್ಮ ಹುಡುಗಿಯ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದ್ದರು. ಒಂದು, ಎರಡು, ಮೂರು. ಶಾಲೆಯಲ್ಲಿ ಮಗ್ಗಿ ಹೇಳುವ ಶಿಸ್ತಿನಲ್ಲೇ ಶೈಲಜಾ ಎಣಿಸುತ್ತಿದ್ದಳು. ಎಂಟಕ್ಕೆ ದನಿ ಸೀಳಿತು. ಹತ್ತು ಎಂದವಳು ಬಾಯಿ ತೆರೆದುಕೊಂಡೇ ಅಮ್ಮನನ್ನು ನೋಡಿದಳು. ಹನ್ನೊಂದು ಬರಲಿಲ್ಲ.

"ಅಯ್ಯಾರ, ಇದನ್ನ ಬರದಾಂವ ನಾನಾ," ಎಂದೆ. "ಆರಾಮಾದೋರನ್ನಷ್ಟ ಕೇಳಿದೆ. ಸತ್ತೋರ ಮನಿಗೆ ನಾ ಹೋಗಲಿಲ್ಲ. ನನ್ನ ತಪ್ಪೈತಿ. ಇದನ್ನ ನಂಬಬ್ಯಾಡ್ರಿ."

ಕರಿಬಸಯ್ಯ ನನ್ನ ಮುಖ ನೋಡಿದರು, ತುಂಡನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೇಳಿದ್ದು ಇಷ್ಟೇ: "ಮತ್ತ ಹೆಸರು ಹಾಕಿಲ್ಲಲ್ಲ?"

ನನ್ನ ಉತ್ತರಕ್ಕೆ ಸಂಗಮ್ಮ ಕಾಯಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. "ಮಾವಾರ, ನಾ ರಾಯಚೂರಿಗೆ ಹೊಂಟೀನಿ," ಎಂದಳು. ಗದ್ದೆಮ್ಮ ಆಗಲೇ ಮೊಬೈಲಿನಲ್ಲಿ ೧೦೮ಕ್ಕೆ ಹೇಳುತ್ತಿದ್ದರು: ಲಕ್ವ ಅಲ್ಲ, ಉಸಿರು ಸೋಲುತ್ತಿದೆ, ಆಕ್ಸಿಜನ್ ಇರುವ ಗಾಡಿಯೇ ಬೇಕು. ಮಸ್ಕಿಯಿಂದ ಆಂಬುಲೆನ್ಸ್ ಬರಲು ಹದಿನೆಂಟು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಗದ್ದೆಮ್ಮ ಹುಡುಗಿಯನ್ನು ಎದೆಗೊರಗಿಸಿಕೊಂಡು ಪಡಸಾಲೆಯ ನಡುವೆ ಕೂತಿದ್ದರು. ಕರಿಬಸಯ್ಯ ತಾವೇ ಚೊಂಬಿನಲ್ಲಿ ನೀರು ತಂದು ಗದ್ದೆಮ್ಮನ ಕೈಗೆ ಕೊಟ್ಟರು. ಆಮೇಲೆ ಮೂವರ ಜೊತೆ ಅವರೂ ಆಂಬುಲೆನ್ಸ್ ಹತ್ತಿದರು.

ದಾರಿಯಲ್ಲಿ, ಕವಿತಾಳ ದಾಟುವ ಹೊತ್ತಿಗೆ, ಹುಡುಗಿಗೆ ಆರಕ್ಕಿಂತ ಮುಂದೆ ಎಣಿಸಲಾಗಲಿಲ್ಲವಂತೆ. ಆಸ್ಪತ್ರೆ ತಲುಪಿದ ಅರ್ಧ ಗಂಟೆಯಲ್ಲಿ ಯಂತ್ರ ಹಾಕಿದರು. ದಾರಿ ತಪ್ಪಿದ ರೋಗನಿರೋಧಕ ಶಕ್ತಿಯನ್ನು ತಣಿಸುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಐದು ದಿನ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಟ್ಟರು. ಹೊಳೆಯಾಚೆಗೆ ಹೋಗಿದ್ದರೆ, ಯಂತ್ರ ಹಾಕಿದ ಆ ಹೊತ್ತಿಗೆ ಒರಳಿನ ಮುಂದೆ ಸರದಿಯಲ್ಲಿ ಕೂತಿರುತ್ತಿದ್ದರು.

ಹದಿನೇಳು ದಿನದ ಮೇಲೆ ಗದ್ದೆಮ್ಮನನ್ನು ಅವರ ಮನೆಯಲ್ಲೇ ಕಂಡೆ. ಗೋಡೆಯಲ್ಲಿ ಬುದ್ಧನ ಪಟ, ಮೂಲೆಯಲ್ಲಿ ತೂಕದ ತಕ್ಕಡಿ, ಒಲೆಯ ಮುಂದೆ ಅವರು ರೊಟ್ಟಿ ತಟ್ಟುತ್ತಿದ್ದರು. ಶೈಲಜಾಳ ಯಂತ್ರ ತೆಗೆದಿದ್ದಾರೆ. ಎರಡನೆಯ ಮಾದರಿ ಆಸ್ಪತ್ರೆಯಲ್ಲೇ ಸಿಕ್ಕಿತ್ತು, ಪೋಲಿಯೊ ಅಲ್ಲವೆಂದು ವರದಿಯೂ ಬಂದಿದೆ. ಕಾಲು ಇನ್ನೂ ಎತ್ತಲಾಗದು, ಬೆರಳುಗಳಷ್ಟೇ ಅಲ್ಲಾಡುತ್ತವೆ. ಸಂಗಮ್ಮ ದಿನವೂ ಫೋನಿನಲ್ಲಿ ಅಂಕಿ ಒಪ್ಪಿಸುತ್ತಾಳೆ. ಅಂದಿನ ಅಂಕಿ ಹತ್ತೊಂಬತ್ತು.

ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ನನ್ನ ಲೇಖನ ಹಿಡಿದು ಹೋದವರು ಇನ್ನೂ ಇದ್ದರೇ? ಗದ್ದೆಮ್ಮ ರೊಟ್ಟಿ ಮಗುಚಿ ಹಾಕಿ, ಸೂಗಮ್ಮ ಎಂದರು. ಪಕ್ಕದ ಓಣಿಯ ಸೊಸೆ, ಇಪ್ಪತ್ತಾರು ವರ್ಷ. ಮೂರು ವರ್ಷದ ಹಿಂದೆ ಎರಡನೆಯ ಭಾನುವಾರದ ಬೇರಿಗೆ ಹೋಗುವಾಗ ಟೆಂಪೊದಲ್ಲೇ ಉಸಿರು ನಿಂತಿತು. ಆ ಮನೆಯಲ್ಲೂ ಇದೇ ತುಂಡು ತೋರಿಸಿ ಗದ್ದೆಮ್ಮನ ಬಾಯಿ ಮುಚ್ಚಿಸಿದ್ದರು. ಬರೆದವನು ಯಾರೆಂದು ಹುಡುಕಿ ಗದ್ದೆಮ್ಮ ಮಸ್ಕಿಯ ಪೇಪರ್ ಅಂಗಡಿಗೂ ಹೋಗಿ ಬಂದಿದ್ದರಂತೆ. ಬೈಯಲು ಅಲ್ಲ, ಇನ್ನೊಂದು ಸಲ ಸರಿಯಾಗಿ ಬರೆಯಿರಿ ಎಂದು ಕೇಳಲು. ಹೆಸರಿಲ್ಲದ್ದಕ್ಕೆ ಯಾರೂ ಸಿಗಲಿಲ್ಲ.

ಇಷ್ಟು ಹೇಳುವಾಗಲೂ ಆ ದನಿಯಲ್ಲಿ ಸಿಟ್ಟಿಲ್ಲ. ನನಗೆ ರೊಟ್ಟಿ ಬಡಿಸಿದರು. ತಿಂದೆ.

ಹೊರಡುವಾಗ ನಿಮ್ಮ ಆಸೆ ಏನು ಎಂದು ಕೇಳಿದೆ. ಈ ಅಂಕಣದಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆ. ಫೋಟೊ ಬೇಡ ಎಂದರು. ತಮ್ಮ ಹೆಸರು ಇರಲಿ, ಬಿಡಲಿ, ಅದರ ಚಿಂತೆಯಿಲ್ಲ ಎಂದರು. ಕಾಲು ಸೋತರೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಿ, ದಾರಿಯುದ್ದಕ್ಕೂ ಎಣಿಸಿ ಎಂಬುದಿಷ್ಟು ದಪ್ಪ ಅಕ್ಷರದಲ್ಲಿ ಬಂದರೆ ಸಾಕಂತೆ. ನಾನು ಬೈಕ್ ಹತ್ತಿದ ಮೇಲೆ ಬಾಗಿಲಿಗೆ ಬಂದು ನಿಂತು ಇನ್ನೊಂದು ಮಾತು ಸೇರಿಸಿದರು:

"ಈ ಸಲ ಕೆಳಗ ನಿಮ್ಮ ಹೆಸರು ಹಾಕ್ರಿ, ಊರೂ ಹಾಕ್ರಿ. ತಪ್ಪಾತಂದ್ರ ಯಾರ ಮನಿಗೆ ಹೋಗಿ ಕೇಳಬೇಕಂತ ಮಂದಿಗೆ ಗೊತ್ತಿರ್ಲಿ."

ಶಿವಕಾಂತ, ಸಿಂಧನೂರು