ಎರಡನೆಯ ಗುಂಡು

ದಾನಕ್ಕೆ ಕೊಡುವ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಕಂದು ಬಣ್ಣದ ಹಳೆಯ ಚಳಿಗಾಲದ ಕೋಟನ್ನು ಮಡಚುವಾಗ ಅದರ ಕೆಳಅಂಚಿನಲ್ಲಿ, ಅಸ್ತರಿನ ಒಳಗೆ, ಏನೋ ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ಕಡಲೆಕಾಳಿನಷ್ಟು ದಪ್ಪದ, ಬೂದು ಬಣ್ಣದ ಒಂದು ಸೀಸದ ಗುಂಡು ಅಂಗೈಗೆ ಉರುಳಿತು. ಅಷ್ಟು ಚಿಕ್ಕದಕ್ಕೆ ಎಷ್ಟೊಂದು ಭಾರ...

ಅದು ಎಲ್ಲಿಂದ ಬಂತೆಂದು ಯೋಚಿಸಬೇಕಾಗಿರಲಿಲ್ಲ. ಎರಡು ಸಾವಿರದ ಮೂರರ ಜನವರಿಯ ಒಂದು ಬೆಳಿಗ್ಗೆ, ವಯಸ್ಸಾದವರೊಬ್ಬರು ಇದಕ್ಕಾಗಿ ಹಿಮದಲ್ಲಿ ಮಂಡಿಯೂರಿ ಹುಡುಕಿದ್ದರು. ನಾನು ಇದೇ ಕೋಟು ಹಾಕಿಕೊಂಡು ಅವರ ಪಕ್ಕದಲ್ಲೇ ಇದ್ದೆ.

ಅವರನ್ನು ನಾವು ಅಂಕಲ್ ಅನ್ನುತ್ತಿದ್ದೆವು. ಕೊಡಗಿನವರು. ಡೆಟ್ರಾಯಿಟಿನ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಆಬರ್ನ್ ಹಿಲ್ಸ್‌ನಿಂದ ಉತ್ತರಕ್ಕೆ, ನಮ್ಮ ಬಡಾವಣೆ ಮುಗಿದು ಮಣ್ಣುರಸ್ತೆ ಶುರುವಾಗುವಲ್ಲಿ ಅವರ ಮನೆ, ಹಿಂದೆ ದೊಡ್ಡ ಹುಲ್ಲಿನ ಹೊಲ. ನವೆಂಬರಿನಲ್ಲಿ ಜಿಂಕೆ ಬೇಟೆಯವರ ಬಂದೂಕಿನ ಸದ್ದು ಅಲ್ಲಿ ದಿನವೂ ಕೇಳುತ್ತಿತ್ತು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಅಂಕಲ್ ಡ್ರೈವ್ ಮಾಡುವುದನ್ನು ಬಿಟ್ಟಿದ್ದರು. ನನಗೋ ವೀಸಾದ ದೆಸೆಯಿಂದ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ದಾವಣಗೆರೆಯಲ್ಲಿ ಎಂ.ಎಸ್ಸಿ. ಮಾಡಿ ಬಂದವಳು ಮಿಶಿಗನ್ನಿನಲ್ಲಿ ಅಂಕಲ್ ಕಾರಿಗೆ ಡ್ರೈವರ್ ಆದೆ. ಸಂಬಳ, ಅವರ ಹೆಂಡತಿ ಆಂಟಿ ಮಾಡುತ್ತಿದ್ದ ಅಕ್ಕಿರೊಟ್ಟಿ.

ಆ ನವೆಂಬರಿನಲ್ಲಿ ಆಂಟಿಯನ್ನು ಆಸ್ಪತ್ರೆಯವರು ಮನೆಗೆ ಕಳಿಸಿದರು. ಕ್ಯಾನ್ಸರ್ ಲಿವರಿಗೆ ಹೋಗಿತ್ತು, ಇನ್ನು ಮಾಡುವುದೇನೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದ್ದೆವು. ಒಂದು ಮಧ್ಯಾಹ್ನ ನನ್ನೆದುರಿಗೇ ಆಂಟಿ ಗಂಡನಿಗೆ ಹೇಳಿದರು, "ನಂಗೆ ಎರಡು ಗುಂಡು ಬೇಕು. ಇಲ್ಲಿ ಕೇಳೋರು ಯಾರೂ ಇಲ್ಲ ಅಂತ ಗೊತ್ತು. ಆದ್ರೂ ಬೇಕು."

ನನಗೆ ಅರ್ಥವಾಗಲಿಲ್ಲ. ಕಾರಿನಲ್ಲಿ ಅಂಕಲ್ ಬಿಡಿಸಿ ಹೇಳಿದರು. ಅವರ ಕಡೆ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು. ಆ ಸದ್ದು ಕೇಳಿ ಸುತ್ತಿನ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಆಂಟಿಯ ತಾಯಿ ಹೋದಾಗ ಊರಿಗೆಲ್ಲ ಕೇಳಿತ್ತಂತೆ, ಮಗಳಿಗೆ ಮಾತ್ರ ಮೂರು ದಿನ ಕಳೆದು ಫೋನ್ ಬಂದಿತ್ತಂತೆ. "ಸದ್ದಿಲ್ಲದೆ ಹೋಗಕ್ಕೆ ಅವಳಿಗೆ ಭಯ," ಅಂದರು ಅಂಕಲ್.

ಆದರೆ ಮನೆಯಲ್ಲಿ ಬಂದೂಕು ಇರಲಿಲ್ಲ. ಮೊಮ್ಮಗಳು ನಡೆಯಲು ಕಲಿತ ವರ್ಷವೇ ಆಂಟಿ ಬೇಟೆಯ ಬಂದೂಕನ್ನು ಮಾರಿಸಿ, ಮತ್ತೊಂದು ತರುವುದಿಲ್ಲವೆಂದು ಅಂಕಲ್ ಕೈಲಿ ಆಣೆ ಹಾಕಿಸಿಕೊಂಡಿದ್ದರು. ಉಳಿದಿದ್ದದ್ದು ಬೇಸ್‌ಮೆಂಟಿನ ಗೋಡೆಯ ಮೇಲೆ, ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯ ಪಕ್ಕ ತೂಗುಹಾಕಿದ್ದ ಒಂದು ಪುಟ್ಟ ರಿವಾಲ್ವರ್, ಹಳೆಯ ಕಾಲದ್ದರ ನಕಲು. ಕರಿಮದ್ದು ತುಂಬಿ, ಮೇಲೆ ಸೀಸದ ಉಂಡೆ ಒತ್ತಿ ಹೊಡೆಯುವಂಥದ್ದು. ಕಾರ್ಖಾನೆಯ ಗೆಳೆಯನೊಬ್ಬ ನಿವೃತ್ತಿಯ ದಿನ ಕೊಟ್ಟಿದ್ದ. "ಸಾಯೋಳ ಮುಂದೆ ಆಣೆ ಮುರೀಲಾ? ಇದರಲ್ಲೇ ಆಗ್ಬೇಕು," ಅಂದರು ಅಂಕಲ್.

ಮದ್ದು ಸಿಕ್ಕಿತು, ಉಂಡೆ ಸಿಗಲಿಲ್ಲ. ಮೂರು ಅಂಗಡಿ ಸುತ್ತಿದೆವು. ದೊಡ್ಡ ರಿವಾಲ್ವರಿನ ಉಂಡೆಗಳು ಡಬ್ಬಿಗಟ್ಟಲೆ ಇದ್ದವು. ಈ ಪುಟ್ಟ ಸೈಜಿನದನ್ನು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ತರಿಸಿಕೊಡಬಹುದು, ನಾಲ್ಕು ವಾರ ಬೇಕು ಅಂದ ಒಬ್ಬ. ಅಂಕಲ್ ಕೌಂಟರಿನ ಅಂಚು ಹಿಡಿದುಕೊಂಡು, "ನಾಲ್ಕು ವಾರ ಇಲ್ಲ," ಅಂದರು. ಅವನಿಗೆ ಕನ್ನಡ ಬರುವುದಿಲ್ಲವೆಂಬುದನ್ನೂ ಮರೆತಿದ್ದರು.

ಕಣ್ಣು ನೆಟ್ಟಗಿದ್ದಿದ್ದರೆ ಅಂಕಲ್ ತಾವೇ ಅಚ್ಚು ಮಾಡಿ ಎರಕ ಹೊಯ್ಯುತ್ತಿದ್ದರು. ಆಮೇಲೆ ಶುರುವಾಯಿತು ಬದಲಿ ಹುಡುಕಾಟ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೀನು ಹಿಡಿಯುವವರ ಅಂಗಡಿಯಲ್ಲಿ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಕೌಂಟರಿನ ಮೇಲೆ ಸುರುವಿಸಿಕೊಂಡು, ತಮ್ಮ ಹಳೆಯ ಕ್ಯಾಲಿಪರಿನಿಂದ ಒಂದೊಂದನ್ನೇ ಅಳೆದರು. ಅಂಕಿ ಓದುವವಳು ನಾನು. ಎಲ್ಲಕ್ಕೂ ನಡುವೆ ಸೀಳು. ಬೇಟೆಯ ತೋಟಾದೊಳಗಿನ ಗುಂಡು ಕೂದಲೆಳೆಯಷ್ಟು ಸಣ್ಣದಾಗಿ, ಬಗ್ಗಿಸಿದರೆ ಹೊರಗೆ ಉರುಳಿತು. ಹಳೆಯ ಗೆಳೆಯನಿಂದ ಬೇರಿಂಗಿನ ಉಕ್ಕಿನ ಗೋಲಿ ತರಿಸಿದರು. ಜೀವನವೆಲ್ಲ ಅಳತೆಗೆ ಸರಿಯಾಗಿ ಕೆಲಸ ಮಾಡಿದ ಮನುಷ್ಯ, ಗೋಲಿ ಕರಾರುವಾಕ್ಕಾಗಿದ್ದರೆ ಸಾಕು ಅಂದುಕೊಂಡಿದ್ದರು. ಅದು ಕೂರಲಿಲ್ಲ. ಇಲ್ಲಿ ಬೇಕಾದದ್ದು ಮೆತ್ತನೆಯ ಸೀಸ, ರಿವಾಲ್ವರಿನಲ್ಲಿ ಮದ್ದು ತುಂಬುವ ಕೋಣೆಗಿಂತ ತುಸು ದಪ್ಪ. ಒತ್ತಿದಾಗ ಅಂಚು ಹೆರೆದುಕೊಂಡು ಬಿಗಿಯಾಗಿ ಕೂರಬೇಕು. ಮುಂದೆ ಬಿಗಿಯಿಲ್ಲದಿದ್ದರೆ ಮದ್ದು ಬರೀ ಉರಿಯುತ್ತದೆ, ಸದ್ದು ಬರುವುದಿಲ್ಲ.

ನನಗೆ ಸಿಟ್ಟೂ ಬರುತ್ತಿತ್ತು, ಭಯವೂ. ಅವಳಿ ಗೋಪುರಗಳು ಬಿದ್ದ ಮೇಲೆ ಕಂದು ಮೈಬಣ್ಣದವರನ್ನು ಎಲ್ಲರೂ ಎರಡೆರಡು ಸಲ ನೋಡುತ್ತಿದ್ದ ಕಾಲ ಅದು. "ಅಂಕಲ್, ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದೀವಿ. ಯಾರಾದ್ರೂ ಪೊಲೀಸಿಗೆ ಫೋನ್ ಮಾಡಿದ್ರೆ?" ಅಂದೆ ಒಂದು ದಿನ. "ನೀನು ಕಾರಲ್ಲೇ ಕೂತಿರಮ್ಮ. ನಾನೊಬ್ಬನೇ ಹೋಗ್ತೀನಿ," ಅಂದರು ಅವರು. ಅಂಗಡಿ ಬಾಗಿಲಿನ ಮೆಟ್ಟಿಲು ಕಾಣದೆ ಎಡವಿದರು. ನಾನು ಇಳಿದು ಹೋದೆ.

ಜನವರಿಯಲ್ಲಿ, ಹಳೆಯ ಸಾಮಾನು ಮಾರುವ ಒಂದು ಸಂತೆಯಲ್ಲಿ, ಸೈನಿಕರ ಅಂಗಿಯ ಗುಂಡಿ, ಪದಕ ಇಟ್ಟುಕೊಂಡಿದ್ದ ಗಡ್ಡದ ಮುದುಕನೊಬ್ಬ ಬೆಂಕಿಪೊಟ್ಟಣ ತೆರೆದು ತೋರಿಸಿದ. ಒಳಗೆ ಎರಡೇ ಎರಡು ಉಂಡೆ. ಅಂಕಲ್ ಅಳೆದರು, ನಾನು ಅಂಕಿ ಓದಿದೆ. ಯಾತಕ್ಕೆಂದು ಕೇಳಿದ ಮುದುಕನಿಗೆ ಇದ್ದದ್ದನ್ನೇ ಹೇಳಿದರು. ಅವನು ಬೆಲೆ ಹೇಳಲಿಲ್ಲ. ಬರೀ ಸದ್ದಿಗಾದರೆ ಕೆಲವರು ಉಂಡೆಯ ಬದಲು ಗೋಧಿರವೆಯನ್ನೂ ತುಂಬುತ್ತಾರೆ ಅಂತ ಸೇರಿಸಿದ. ಎರಡು ತಿಂಗಳಲ್ಲಿ ಮೊದಲ ಸಲ ಅಂಕಲ್ ನಕ್ಕು, ನನ್ನ ಕಡೆ ತಿರುಗಿದರು. "ರವೇಲಿ ನಿಮ್ಮ ಕಡೆಯೋರು ಉಪ್ಪಿಟ್ಟು ಮಾಡ್ತಾರೆ, ಅಲ್ವಾ?"

ಉಂಡೆಗಳನ್ನು ನನ್ನ ಕೈಗೆ ಕೊಟ್ಟರು. "ನೀನೇ ಇಟ್ಕೊ. ಅವಳು ನನ್ನ ಜೇಬು ನೋಡ್ತಾಳೆ. ಸಿಕ್ಕಿಬಿಟ್ಟರೆ, ಎಲ್ಲ ರೆಡಿ ಆಯ್ತು ಅಂತ ತಿಳ್ಕೊಂಡುಬಿಡ್ತಾಳೆ."

ಕೋಟಿನ ಜೇಬಿಗೆ ಹಾಕಿಕೊಂಡೆ. ಆ ಜೇಬಿನಲ್ಲಿ ತೂತಿತ್ತು. ಡಿಸೆಂಬರಿನಲ್ಲೇ ಆಂಟಿ ನೋಡಿ, "ಬಿಚ್ಚಿ ಕೊಡು, ಮಲಗಿದ್ದಲ್ಲೇ ಹೊಲಿದು ಕೊಡ್ತೀನಿ," ಅಂದಿದ್ದರು. ಆಮೇಲೆ ಕೊಡುತ್ತೇನೆ ಅಂದಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಆಂಟಿಯ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಷಿಕಾಗೋ ಹತ್ತಿರದ ಲೊಂಬಾರ್ಡಿನಿಂದ ಹಿಂದಿನ ದಿನವೇ ಬಂದಿದ್ದ ಮಗ ತಾಯಿಯ ಕಾಲ ಬಳಿ ಕೂತಿದ್ದ. ಅಂಕಲ್ ಗರಾಜಿನ ಬಾಗಿಲು ತೆರೆದು, ಮದ್ದು ತುಂಬಿ, ನನ್ನ ಕಡೆ ಕೈ ಚಾಚಿ ನಿಂತಿದ್ದರು. ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ಅವರ ಅಂಗೈಗೆ ಹಾಕಿದೆ. ಅವರು ಒಂದನ್ನು ಒತ್ತಿ ಕೂರಿಸಿ ಮತ್ತೆ ಕೈ ಚಾಚಿದರು.

"ಇನ್ನೊಂದು?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಮತ್ತೆ ಜೇಬಿಗೆ ಹೋಯಿತು. ಬೆರಳು ನೇರ ತೂತಿನೊಳಗೆ ಹೋಯಿತು. ಒಂದು ಗಳಿಗೆ, ಅಷ್ಟೇ. ಅಷ್ಟರಲ್ಲಿ ನನ್ನ ಬಾಯಿಂದ ಬಂದದ್ದು, "ಎರಡೂ ಕೊಟ್ಟೆನಲ್ಲ ಅಂಕಲ್."

ಅವರು ತಮ್ಮ ಅಂಗೈ ನೋಡಿಕೊಂಡರು. ಅವರಿಗೆ ತಮ್ಮ ಕಣ್ಣಿಗಿಂತ ನನ್ನ ಮಾತಿನ ಮೇಲೆ ನಂಬಿಕೆ. "ಹಾಗಾದ್ರೆ ಬೀಳಿಸಿಬಿಟ್ಟೆ ಅಂತ ಕಾಣತ್ತೆ," ಅಂದು ಮಂಡಿಯೂರಿದರು. ಗರಾಜಿನ ಬಾಗಿಲಿನ ಹಿಮವನ್ನು ಬರಿಗೈಯಲ್ಲಿ ಕೆದಕಿದರು. ಬೆರಳು ಕೆಂಪಾಗಿ ಆಮೇಲೆ ಬಿಳಿಚಿಕೊಂಡವು. ನಾನೂ ಕೂತು ಹುಡುಕಿದೆ, ಅಲ್ಲಿಲ್ಲವೆಂದು ಗೊತ್ತಿದ್ದೂ. ರಸ್ತೆಯಲ್ಲೆಲ್ಲೋ ಬಿದ್ದುಹೋಗಿದೆ, ಈಗ ಹೇಳಿ ಏನು ಪ್ರಯೋಜನ ಅಂತ ನನಗೆ ನಾನೇ ಹೇಳಿಕೊಂಡೆ.

ಕೊನೆಗೆ ಅವರೇ ಅಂದರು, "ರವೆ ತಗೊಂಡು ಬಾ."

ಆಂಟಿಯ ಅಡುಗೆಮನೆಗೆ ಓಡಿ ಡಬ್ಬಿ ತಂದೆ. ಎರಡನೆಯ ಕೋಣೆಗೆ ರವೆ ತುಂಬಿ ಒತ್ತಿದರು. ಹೊಲದ ಅಂಚಿಗೆ ಹೋಗಿ, ಗುಂಡು ಯಾರ ಮೇಲೂ ಬೀಳಬಾರದೆಂದು ಆಕಾಶದ ಬದಲು ಹಿಮದ ದಿಬ್ಬದ ಕಡೆಗೆ ಹೊಡೆದರು. ಆ ಪುಟ್ಟ ರಿವಾಲ್ವರಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನಾನು ಅಂದುಕೊಂಡಿರಲಿಲ್ಲ. ಮರಗಳಿಂದ ಕಾಗೆಗಳೆದ್ದವು. ಮತ್ತೆ ಟ್ರಿಗರ್ ಒತ್ತಿದರು. ಬುಸ್ಸೆಂದು ಹೊಗೆ ಬಂತು. ಹಿಮದ ಮೇಲೆ ಒಂದಿಷ್ಟು ಸುಟ್ಟ ರವೆ ಉದುರಿತು... ಅಷ್ಟೇ.

ಏಳು ವರ್ಷದ ಮೊಮ್ಮಗಳು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದಳು. ಎರಡು ಅಂತ ಅವಳಿಗೆ ಹೇಳಿದ್ದರು. "ವೇರ್ ಈಸ್ ದ ಅದರ್ ಒನ್, ತಾತಾ?"

ಅಂಕಲ್ ರಿವಾಲ್ವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಆಕಾಶ ನೋಡಿದರು. "ಒಂದೇ ಕೇಳ್ತು," ಅಂದರು ನನಗೆ. "ಒಂದು ಅಂದ್ರೆ ಯಾರೋ ಹುಟ್ಟಿದ್ರು ಅಂತ. ಅವಳು ಹೋದ್ಲು ಅಂತ ನಾನು ಹೇಳಲೇ ಇಲ್ಲವಲ್ಲ." ಅಲ್ಲೇ, ಹೊಲದ ನಡುವೆ, ಕೂತುಬಿಟ್ಟರು. ಎಬ್ಬಿಸಲು ನಾನೂ ಮಗನೂ ಇಬ್ಬರೂ ಬೇಕಾಯಿತು.

ಆ ಬೇಸಿಗೆಯಲ್ಲಿ ಮನೆ ಮಾರಿ ಅವರು ಮಗನ ಜೊತೆ ಲೊಂಬಾರ್ಡಿಗೆ ಹೋದರು. ವರ್ಷಕ್ಕೊಮ್ಮೆ ನಾವು ಷಿಕಾಗೋ ಕಡೆ ಹೋದಾಗ ನೋಡಿಕೊಂಡು ಬರುತ್ತಿದ್ದೆವು. ಪ್ರತಿ ಸಲವೂ, ಕಾಫಿ ಮುಗಿದ ಮೇಲೆ, ಯಾರೂ ಇಲ್ಲದಾಗ ಕೇಳುತ್ತಿದ್ದರು, "ಆವತ್ತು ನಾನೇ ಬೀಳಿಸಿದ್ದಲ್ವಾ?"

"ಹೋಗ್ಲಿ ಬಿಡಿ ಅಂಕಲ್. ಎಷ್ಟು ವರ್ಷ ಆಯ್ತು," ಅನ್ನುತ್ತಿದ್ದೆ ನಾನು. ಎಷ್ಟು ದೊಡ್ಡ ಮನಸ್ಸು ನನ್ನದು! ಅವರ ತಪ್ಪನ್ನು ಕ್ಷಮಿಸುತ್ತಿದ್ದೆ. ಪ್ರತಿ ಸಲವೂ ಹೇಳಬೇಕೆಂದೇ ಹೋಗುತ್ತಿದ್ದೆ, ಪ್ರತಿ ಸಲವೂ ಹೇಳದೆ ಎದ್ದು ಬರುತ್ತಿದ್ದೆ. ಐದು ವರ್ಷ ಅದನ್ನು ಹೊತ್ತುಕೊಂಡೇ ಅವರು ಹೋದರು. ಮಗ ಫೋನ್ ಮಾಡಿ ತಿಳಿಸಿದ. ಗುಂಡು ಹೊಡೆಯುವವರು ಯಾರೂ ಇರಲಿಲ್ಲ, ಒಂದೂ ಇಲ್ಲ, ಎರಡೂ ಇಲ್ಲ.

ಆ ಹುಲ್ಲಿನ ಹೊಲದಲ್ಲಿ ಈಗ ಮೂವತ್ತು ಮನೆಗಳೆದ್ದಿವೆ. ಕೋಟು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಗುಂಡು ನನ್ನ ಅಂಗೈಯಲ್ಲಿ ಬೆಚ್ಚಗಾಗಿತ್ತು. ಅಂದು ಬೆಳಿಗ್ಗೆಯೂ ಇದು ಇಲ್ಲೇ, ನನ್ನ ಮೊಣಕಾಲಿನ ಹತ್ತಿರವೇ ತೂಗಾಡುತ್ತಿತ್ತು. ಒಂದು ಕತ್ತರಿ, ಒಂದು ನಿಜ, ಎರಡೇ ಸಾಕಾಗಿತ್ತು.

"ಅಂಕಲ್, ನೀವು ಬೀಳಿಸಿರಲಿಲ್ಲ," ಅಂದೆ, ಗಟ್ಟಿಯಾಗಿಯೇ.

"ಯಾರ ಜೊತೆ ಮಾತಾಡ್ತಿದೀಯ?" ಅಂತ ಪಕ್ಕದ ಕೋಣೆಯಿಂದ ನನ್ನ ಗಂಡ ಕೇಳಿದರು.

"ಯಾರೂ ಇಲ್ಲ," ಅಂದೆ.